ಒಂದೇ ಮನೆಯ ಇಬ್ಬರು ಎತ್ತರದ ಮಕ್ಕಳು



ಮೊನ್ನೆ ಭಾನುವಾರದ ಫೋನ್-ಇನ್‌ನಲ್ಲಿ ಯಾದಗಿರಿ ಕಡೆಯ ಅಣ್ಣ ಒಬ್ಬರು ಮಾತಾಡಿದರು. ಮುಂಬೈಯಲ್ಲಿ ಸೆಂಟ್ರಿಂಗ್ ಕೆಲಸ ಅವರದು. ಹಾಡು ಕೇಳುತ್ತಾರೆ ಅಂದುಕೊಂಡರೆ ಅವರು ಕೇಳಿದ್ದೇ ಬೇರೆ: "ಅಕ್ಕಾರ, ಇಪ್ಪತ್ತನೇ ಮಾಳಗಿ ಮ್ಯಾಲೆ ನಿಂತ್ರ ಗಾಳಿಗೆ ಜೀವ ಝಲ್ ಅಂತದರಿ. ಅಲ್ಲಿ ದುಬೈದಾಗ ನೂರಾ ಅರವತ್ತು ಮಾಳಗಿ ಹ್ಯಾಂಗ ನಿಂತಾವರಿ?"

ನಾನು ಓದಿದ್ದು ಕನ್ನಡ ಬಿ.ಎ. ಪಂಪ, ರನ್ನ ಕೇಳಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ! "ಮುಂದಿನ ಸಂಚಿಕೇಲಿ ಬರೀತೀನಿ ಅಣ್ಣಾ" ಅಂತ ಮಾತು ಕೊಟ್ಟೆ. ಓದುತ್ತಾ ಹೋದಂತೆ ಸಿಕ್ಕಿದ್ದು ಒಂದು ಕಟ್ಟಡದ ಕತೆಯಲ್ಲ, ಎರಡರದು.

ದುಬೈಯ ಬುರ್ಜ್ ಖಲೀಫಾವನ್ನು ವಿನ್ಯಾಸ ಮಾಡಿದ್ದು ಅಮೆರಿಕದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಸಂಸ್ಥೆ. ಇದೇ ಸಂಸ್ಥೆ ಶಿಕಾಗೋದ ಸಿಯರ್ಸ್ ಟವರನ್ನೂ ವಿನ್ಯಾಸ ಮಾಡಿತ್ತು. 110 ಅಂತಸ್ತು, 442 ಮೀಟರ್ ಎತ್ತರ. 1973ರಲ್ಲಿ ಅದು ಜಗತ್ತಿನಲ್ಲೇ ಅತಿ ಎತ್ತರದ ಕಟ್ಟಡವಾಯಿತು. 2010ರ ಜನವರಿ 4ರಂದು ತೆರೆದ ಬುರ್ಜ್ 828 ಮೀಟರ್. ಬುರ್ಜ್‌ನ 124ನೇ ಮಹಡಿಯಲ್ಲಿ ಪ್ರವಾಸಿಗರು ನಿಂತು ನೋಡುವ ಜಾಗವೇ ಸಿಯರ್ಸ್‌ನ ಛಾವಣಿಗಿಂತ ಮೇಲಿದೆ. ಅಂದರೆ ತಮ್ಮನ ಎದೆಮಟ್ಟಕ್ಕೂ ಅಣ್ಣ ಬರುವುದಿಲ್ಲ!

ಅಣ್ಣ: ಬೀಡಿ ಕಟ್ಟಿನ ಗುಟ್ಟು

ಎತ್ತರದ ಕಟ್ಟಡಕ್ಕೆ ಭಾರಕ್ಕಿಂತ ದೊಡ್ಡ ಶತ್ರು ಗಾಳಿ. ಭಾರ ನೇರ ಕೆಳಗೆ ಇಳಿಯುತ್ತದೆ, ಗಾಳಿ ಪಕ್ಕದಿಂದ ತಳ್ಳುತ್ತದೆ. ಹಳೆಯ ಕಟ್ಟಡಗಳಲ್ಲಿ ಒಳಗೆಲ್ಲ ಕಂಬ, ತೊಲೆ ತುಂಬಿ ಗಾಳಿಯನ್ನು ತಡೆಯುತ್ತಿದ್ದರು. ಎತ್ತರ ಹೆಚ್ಚಿದಂತೆ ಉಕ್ಕಿನ ಖರ್ಚು ಕೈ ಮೀರುತ್ತಿತ್ತು.

ಇದಕ್ಕೆ ದಾರಿ ಕಂಡುಕೊಂಡವರು ನಮ್ಮ ಉಪಖಂಡದವರೇ. ಹೆಸರು ಫಜಲುರ್ ರಹಮಾನ್ ಖಾನ್, 1929ರಲ್ಲಿ ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್. ಕಂಬಗಳನ್ನು ಹೊರಗೋಡೆಗೆ ತಂದು ಒತ್ತೊತ್ತಾಗಿ ನಿಲ್ಲಿಸಿದರೆ ಇಡೀ ಕಟ್ಟಡವೇ ಒಂದು ಕೊಳವೆಯಂತೆ ಗಾಳಿಗೆ ಎದೆ ಕೊಡುತ್ತದೆ ಎಂದರು. ಸಿಯರ್ಸ್‌ನಲ್ಲಿ ಅಂಥ ಒಂಬತ್ತು ಚೌಕ ಕೊಳವೆಗಳನ್ನು ಒಟ್ಟಿಗೆ ಕಟ್ಟಿದರು. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಒಂದು ಹಿಡಿ ಸಿಗರೇಟು ಹಿಡಿದು ಈ ಉಪಾಯವನ್ನು ತೋರಿಸಿದ್ದರಂತೆ. ನಾವು ಕರಾವಳಿಯ ಬೀಡಿ ಕಟ್ಟು ನೆನೆಸಿಕೊಂಡರೆ ಸಾಕು. ಒಂದೇ ಬೀಡಿ ಬಾಗುತ್ತದೆ, ಕಟ್ಟು ಬಾಗುವುದಿಲ್ಲ.

ಒಂಬತ್ತೂ ತುದಿಯವರೆಗೆ ಹೋಗುವುದಿಲ್ಲ. 50ನೇ ಮಹಡಿಗೆ ಎರಡು, 66ಕ್ಕೆ ಎರಡು, 90ಕ್ಕೆ ಮೂರು ನಿಲ್ಲುತ್ತವೆ. ಉಳಿದ ಎರಡು ಮಾತ್ರ ಮೇಲಕ್ಕೆ. ಉಳಿತಾಯ ನೋಡಿ: 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 206 ಕೆ.ಜಿ. ಉಕ್ಕು ಬೇಕಾಗಿತ್ತು. ಅದಕ್ಕಿಂತ ಎತ್ತರದ ಸಿಯರ್ಸ್‌ಗೆ ಸುಮಾರು 161 ಕೆ.ಜಿ. ಸಾಕಾಯಿತು.

ತಮ್ಮ: ಬೆನ್ನಿಗೆ ಬೆನ್ನು ಕೊಟ್ಟ ಮೂವರು

ಖಾನ್ 1982ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡರು. ಬುರ್ಜ್ ಕೆಲಸ ಶುರುವಾದದ್ದು 2004ರಲ್ಲಿ. ವಾಸ್ತುಶಿಲ್ಪಿ ಏಡ್ರಿಯನ್ ಸ್ಮಿತ್, ಎಂಜಿನಿಯರ್ ಬಿಲ್ ಬೇಕರ್. ಇವರು ಅಣ್ಣನ ನಕಲು ಮಾಡಲಿಲ್ಲ. ಕಾರಣವೂ ಇದೆ. ಸಿಯರ್ಸ್ ಕಟ್ಟಿದ್ದು ಆಫೀಸಿಗಾಗಿ, ಅದಕ್ಕೆ ಅಗಲವಾದ ಮಹಡಿಗಳು ಬೇಕಿತ್ತು. ಬುರ್ಜ್‌ನಲ್ಲಿ ಹೆಚ್ಚಾಗಿ ಮನೆ, ಹೋಟೆಲು. ಮನೆ ಅಂದಮೇಲೆ ಕಿಟಕಿ ಬೇಕಲ್ಲವೇ?

ಹಾಗಾಗಿ ನಡುವೆ ಆರು ಮೂಲೆಯ ಗಟ್ಟಿ ಕಾಂಕ್ರೀಟ್ ತಿರುಳು, ಸುತ್ತ ಮೂರು ರೆಕ್ಕೆ. ಮೂವರು ಬೆನ್ನಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತ ಹಾಗೆ. ಒಬ್ಬರನ್ನು ತಳ್ಳಿದರೆ ಉಳಿದಿಬ್ಬರು ತಡೆಯುತ್ತಾರೆ. ಅಣ್ಣ ಪೂರಾ ಉಕ್ಕಿನ ಚೌಕಟ್ಟಿನವನು, ತಮ್ಮ ಬಹುಪಾಲು ಕಾಂಕ್ರೀಟಿನವನು. ಕಾಂಕ್ರೀಟನ್ನು ಪಂಪ್ ಮಾಡಿ 600 ಮೀಟರಿಗೂ ಮೇಲೆ ಏರಿಸಿದರು. ಬೇಸಿಗೆಯಲ್ಲಿ ಬೇಗ ಗಟ್ಟಿಯಾಗದಿರಲೆಂದು ಐಸ್ ಬೆರೆಸಿ, ರಾತ್ರಿ ಹೊತ್ತು ಸುರಿಯುತ್ತಿದ್ದರು.

ಇನ್ನು ಗಾಳಿಯ ಮಾತು. ಗಾಳಿ ಕಟ್ಟಡದ ಎರಡೂ ಬದಿಯಲ್ಲಿ ಸರದಿಯಂತೆ ಸುಳಿ ಎಬ್ಬಿಸುತ್ತದೆ. ಈ ಸುಳಿಯ ತಾಳವೂ ಕಟ್ಟಡದ ತಾಳವೂ ಒಂದಾದರೆ, ಜೋಕಾಲಿಯನ್ನು ಹದ ನೋಡಿ ತಳ್ಳಿದಂತೆ ತೂಗಾಟ ಹೆಚ್ಚುತ್ತದೆ. ಬುರ್ಜ್ ಮೇಲೇರುತ್ತಾ ಮೆಟ್ಟಿಲಿನಂತೆ ಸುತ್ತಿಕೊಂಡು ಕಿರಿದಾಗುತ್ತದೆ. ಒಂದೊಂದು ಎತ್ತರಕ್ಕೂ ಒಂದೊಂದು ಆಕಾರ ಇರುವುದರಿಂದ ಸುಳಿಗಳ ತಾಳ ತಪ್ಪುತ್ತದೆ! ಗಾಳಿ ಸುರಂಗದಲ್ಲಿ ನಲವತ್ತಕ್ಕೂ ಹೆಚ್ಚು ಪರೀಕ್ಷೆ ನಡೆಸಿ ಈ ಆಕಾರವನ್ನು ತಿದ್ದಿದರು.

ಆದ್ದರಿಂದ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಇದು: ಎರಡೂ ಕಟ್ಟಡ ಗಾಳಿಗೆ ಅಲ್ಲಾಡುತ್ತವೆ. ಎಷ್ಟು ಅಲ್ಲಾಡಬೇಕೆಂದು ಮೊದಲೇ ಲೆಕ್ಕ ಹಾಕಿರುತ್ತಾರೆ, ಅಷ್ಟೇ.

ಹೆಸರು ಯಾರದು?

ಸಿಯರ್ಸ್ ಕಂಪನಿ 1990ರ ದಶಕದಲ್ಲೇ ಆ ಕಟ್ಟಡ ಬಿಟ್ಟು ಹೋಯಿತು. 2009ರಲ್ಲಿ ಅದು ವಿಲ್ಲಿಸ್ ಟವರ್ ಆಯಿತು. ದುಬೈಯದು ಬುರ್ಜ್ ದುಬೈ ಎಂದೇ ಬೆಳೆದದ್ದು. 2009ರ ಡಿಸೆಂಬರಿನಲ್ಲಿ ದುಬೈ ಸಾಲದಲ್ಲಿ ಸಿಕ್ಕಿಕೊಂಡಾಗ ಅಬುಧಾಬಿ ಸಾವಿರ ಕೋಟಿ ಡಾಲರ್ ಕೊಟ್ಟಿತು. ಮರುತಿಂಗಳು ಉದ್ಘಾಟನೆಯ ದಿನವೇ ಕಟ್ಟಡಕ್ಕೆ ಅಬುಧಾಬಿಯ ದೊರೆ ಶೇಖ್ ಖಲೀಫಾರ ಹೆಸರು ಬಂತು.

ಅದನ್ನು ಕಟ್ಟಿದ ಕೈಗಳು ಹೆಚ್ಚಾಗಿ ದಕ್ಷಿಣ ಏಷ್ಯಾದವು. ಕೂಲಿ ಸಾಲದು, ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಎಂದು 2006ರ ಮಾರ್ಚ್‌ನಲ್ಲಿ ಅವರು ಸಿಟ್ಟಿಗೆದ್ದದ್ದೂ ಉಂಟು. ಅವರ ಹೆಸರು ಕಟ್ಟಡಕ್ಕೆ ಬರಲಿಲ್ಲ.

ಮುಂಬೈ, ಪುಣೆ, ಹೈದರಾಬಾದಿನ ಎತ್ತರದ ಮನೆಗಳಲ್ಲಿ ಕೂತು ನಮ್ಮ ಕಾರ್ಯಕ್ರಮ ಕೇಳುವವರು ಎಷ್ಟೋ ಮಂದಿ. ಅಂಥ ಮನೆ ಕಟ್ಟುತ್ತಾ ಮೊಬೈಲಿನಲ್ಲಿ ಕೇಳುವವರೂ ಇದ್ದಾರೆ. ಮೊದಲಿನವರು ಸೈಟಿನಲ್ಲಿ ಕನ್ನಡ ಕೇಳಿಸಿದರೆ ನಿಂತು ಎರಡು ಮಾತಾಡಿ, ಊರು ಯಾವುದೆಂದು ವಿಚಾರಿಸಿ. ಎರಡನೆಯವರು ಎಷ್ಟೇ ಅವಸರವಿದ್ದರೂ ಬೆಲ್ಟ್ ಹಾಕಿಕೊಂಡೇ ಮೇಲೆ ಹತ್ತಿ.

ಯಾದಗಿರಿಯ ಅಣ್ಣಾ, ಮುಂದಿನ ಭಾನುವಾರ ಮತ್ತೆ ಫೋನ್ ಮಾಡಿ. ಈ ಸಲ ಹಾಡು ನಿಮ್ಮಿಷ್ಟದ್ದು!