ಲೆಕ್ಕಕ್ಕೆ ಬಾರದ ಪಾಳಿ

ಬೆಳಗಿನ ಐದು ಗಂಟೆಗೆ ಕೊಲಾಬಾದ ಸಸೂನ್ ಡಾಕ್‌ನಲ್ಲಿ ಕಾಲಿಡಲು ಒಣ ನೆಲ ಸಿಗುವುದಿಲ್ಲ. ದೋಣಿಯಿಂದ ಇಳಿದ ಬುಟ್ಟಿಗಳು, ಒಡೆದ ಐಸು, ಮೀನಿನ ಹುರುಪೆ, ಇವುಗಳ ನಡುವೆ ‘ಬಾಜೂ, ಬಾಜೂ’ ಎಂದು ಕೂಗುತ್ತ ನುಗ್ಗುವ ಕೈಗಾಡಿಗಳು. 1875ರಲ್ಲಿ ಈ ಧಕ್ಕೆ ಕಟ್ಟಿದ್ದು ಹತ್ತಿ ವ್ಯಾಪಾರಕ್ಕೆ. ಈಗ ಇಲ್ಲಿ ಮೀನಿನದೇ ರಾಜ್ಯ. ಹರಾಜಿನ ಗದ್ದಲದಲ್ಲಿ ಎದ್ದು ಕೇಳುವುದು ಕೋಳೀ ಸಮುದಾಯದ ಬೆಸ್ತ ಹೆಂಗಸರ ದನಿ. ಕಚ್ಚೆ ಸೀರೆ, ಮುಡಿಗೆ ಹೂವು, ಸೊಂಟಕ್ಕೆ ದುಡ್ಡಿನ ಚೀಲ. ಗಂಡ ಕಡಲಿಗೆ, ಹೆಂಡತಿ ಪೇಟೆಗೆ ಎನ್ನುವುದು ಅವರಲ್ಲಿ ನಡೆದುಬಂದ ಕಟ್ಟಳೆ. ದರ ಕೂಗುವವಳು ಅವಳು, ಚೌಕಾಸಿಗೆ ಬಂದವನನ್ನು ಗದರಿಸಿ ಕಳಿಸುವವಳೂ ಅವಳೇ.

ಹತ್ತು ಹೆಜ್ಜೆ ಆಚೆಗೆ, ತಗಡಿನ ಸೂರಿನ ಕೆಳಗೆ, ಬೇರೆ ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕೂತು ಸಿಗಡಿ ಸುಲಿಯುತ್ತಾರೆ. ತಲೆ ತಿರುಚಿ ಕೀಳಬೇಕು, ಹೆಬ್ಬೆರಳ ಉಗುರಿನಿಂದ ಚಿಪ್ಪು ಬಿಡಿಸಬೇಕು, ಬೆನ್ನಿನ ಕಪ್ಪು ನರ ಒಂದೇ ಎಳೆತಕ್ಕೆ ಬರಬೇಕು. ನೋಡುವಷ್ಟರಲ್ಲಿ ಒಂದು ಮುಗಿದು ಇನ್ನೊಂದು ಕೈಗೆ ಬಂದಿರುತ್ತದೆ. ಐಸಿನಲ್ಲಿ ನೆನೆದು ಬೆರಳ ತುದಿ ಬಿಳಿಚಿ ಸುಕ್ಕುಗಟ್ಟಿದೆ. ಕೆಲವರು ಚಿಂದಿ ಬಟ್ಟೆ ಸುತ್ತಿಕೊಂಡಿದ್ದಾರೆ. ಕೂಲಿ ತಾಸಿನ ಮೇಲಲ್ಲ, ಸುಲಿದಷ್ಟಕ್ಕೆ. ಮೀನು ಒಂದೇ, ಧಕ್ಕೆಯೂ ಒಂದೇ. ಒಬ್ಬಳ ಲೆಕ್ಕ ಅವಳ ಸೊಂಟದಲ್ಲಿದೆ, ಇನ್ನೊಬ್ಬಳದು ಗುತ್ತಿಗೆದಾರನ ಚೀಟಿಯಲ್ಲಿ.

ಹೆಂಗಸರು ದುಡಿಯಲು ಹೊರಬಿದ್ದದ್ದು ಈಚೆಗೆ ಎಂದು ನಂಬಿದವರು ಬಹಳ. ಮುಂಬೈಯ ಮಟ್ಟಿಗಂತೂ ಅವರು ದುಡಿಯದೆ ಇದ್ದ ಕಾಲವೇ ಇಲ್ಲ. ಬದಲಾಗುತ್ತ ಬಂದದ್ದು, ಆ ದುಡಿಮೆಯನ್ನು ಯಾರ ಖಾತೆಗೆ ಬರೆಯಬೇಕು ಎನ್ನುವುದಷ್ಟೇ.

ಏಳು ಗಂಟೆಗೆ ಉಪನಗರದ ನಾಕಾಗಳು ತುಂಬುತ್ತವೆ. ಕೂಲಿ ಹುಡುಕಿ ನಿಲ್ಲುವ ಇಂಥ ಚೌಕಗಳಲ್ಲಿ ಮರಾಠಿ, ಹಿಂದಿಯ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡವೂ ಕಿವಿಗೆ ಬೀಳುತ್ತದೆ. ಲಂಬಾಣಿ ತಾಂಡಾಗಳಿಂದ ಬಂದವರೂ ಇದ್ದಾರೆ. ಕೂಲಿಯವರನ್ನು ಒಯ್ಯಲು ಬಂದ ಮುಕಾದಮ ಹೆಚ್ಚಾಗಿ ಜೋಡಿಯನ್ನೇ ಕರೆಯುತ್ತಾನೆ: ಗಂಡ ಮಿಸ್ತ್ರಿ, ಹೆಂಡತಿ ಬಿಗಾರಿ. ಅವನು ಗೋಡೆ ಕಟ್ಟಬೇಕು. ಅವಳು ಘಮೇಲೆಯಲ್ಲಿ ಗಾರೆ ಹೊತ್ತು, ಇಟ್ಟಂಗಿ ಹೊತ್ತು, ನೀರು ಹೊತ್ತು ಅವನ ಕೈಗೆ ಒದಗಿಸಬೇಕು. ಸಂಜೆ ಇಬ್ಬರ ಪಗಾರವೂ ಬಹಳ ಸಲ ಒಂದೇ ಕೈಗೆ ಬೀಳುತ್ತದೆ. ಆ ಕೈ ಅವಳದಲ್ಲ.

ಸಿಂದಗಿ ಕಡೆಯ ಒಬ್ಬಾಕೆ ಬುತ್ತಿಯ ಗಂಟು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ‘ನೀವೂ ಮಿಸ್ತ್ರಿ ಕೆಲಸ ಕಲೀಬಹುದಲ್ಲ, ಅಕ್ಕಾ?’ ಎಂದೆ. ಆಕೆ ನಕ್ಕಳು. ‘ಯಾರರೆ ಕರಣಿ ಕೈಯಾಗ ಕೊಡಬೇಕಲ್ರೀ? ಹತ್ತು ವರ್ಷ ಆತು, ಗೋಡಿ ಹ್ಯಾಂಗ ಏಳತೈತಿ ಅಂತ ನೋಡಿ ನೋಡೇ ಕಲತೀನಿ. ನೋಡಿ ಕಲತದ್ದಕ್ಕ ಪಗಾರ ಕೊಡ್ತಾರೇನ್ರೀ?’ ಕೆಲಸಕ್ಕೆ ಸೇರಿದ ಹುಡುಗ ನಾಲ್ಕಾರು ವರ್ಷದಲ್ಲಿ ಮಿಸ್ತ್ರಿಯಾಗುತ್ತಾನೆ. ಬಿಗಾರಿಯಾಗಿ ಬಂದ ಹೆಂಗಸು ಬಿಗಾರಿಯಾಗಿಯೇ ಮುದುಕಿಯಾಗುತ್ತಾಳೆ. ಇವಳ ಕೂಸನ್ನು ಎಲ್ಲಿ ಮಲಗಿಸಬೇಕು ಎಂದು ಕಟ್ಟಡದ ಮಾಲೀಕರು ಕೇಳಿಕೊಂಡದ್ದು ಅಪರೂಪ. ಆ ಪ್ರಶ್ನೆ ಎತ್ತಿಕೊಂಡ ‘ಮೊಬೈಲ್ ಕ್ರೆಶ್’ ಸಂಸ್ಥೆ 1969ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, 1972ರಲ್ಲಿ ಮುಂಬೈಗೆ ಬಂತು. ಕಟ್ಟಡ ಏಳುವಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅದರದು.

ಪರೇಲ್, ಲಾಲ್‌ಬಾಗ್, ಚಿಂಚ್‌ಪೋಕಳಿಯ ರಸ್ತೆಗಳಲ್ಲಿ ನಡೆದರೆ ಈ ಲೆಕ್ಕದ ಹಳೆಯ ಪುಟಗಳು ಸಿಗುತ್ತವೆ. ತಾಡದೇವದಲ್ಲಿ ಕಾವಸ್‌ಜಿ ದಾವರ್ ಅವರ ಮೊದಲ ಹತ್ತಿ ಗಿರಣಿ 1856ರಲ್ಲಿ ಶುರುವಾಯಿತು. ಮುಂದಿನ ಐವತ್ತು ವರ್ಷದಲ್ಲಿ ಈ ಭಾಗಕ್ಕೆ ಗಿರಣಗಾಂವ ಎಂಬ ಹೆಸರೇ ಬಿತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಗಿರಣಿ ಕೆಲಸಗಾರರ ಪೈಕಿ ಸುಮಾರು ಐವರಲ್ಲಿ ಒಬ್ಬಳು ಹೆಂಗಸು. ಮಗ್ಗದ ಖಾತೆ ಅವರಿಗಿರಲಿಲ್ಲ. ನೂಲು ಸುತ್ತುವ ವೈಂಡಿಂಗ್, ಲಡಿ ಕಟ್ಟುವ ರೀಲಿಂಗ್, ಹತ್ತಿಯ ಕಸ ಆರಿಸುವುದು, ಇಷ್ಟೇ. ಮೇಲ್ವಿಚಾರಣೆಗೆ ನಾಯ್ಕೀಣ ಎಂಬ ಹೆಂಗಸು. ಗಂಡಸರಿಗೆ ತಿಂಗಳ ಸಂಬಳವಿದ್ದ ಖಾತೆಗಳುಂಟು. ಇವರಿಗೆ ಸುತ್ತಿದಷ್ಟಕ್ಕೆ ಕಾಸು.

ಕೂಲಿ ಕಡಿಮೆಯಾದರೂ ಹೋರಾಟದಲ್ಲಿ ಇವರು ಹಿಂದೆ ಬಿದ್ದವರಲ್ಲ. 1928ರಲ್ಲಿ ಆರು ತಿಂಗಳು ನಡೆದ ಮಹಾ ಮುಷ್ಕರದ ಕಾಲದಿಂದ ಉಷಾಬಾಯಿ ಡಾಂಗೆ, ಪಾರ್ವತೀಬಾಯಿ ಭೋರ್ ಅಂಥವರು ಗಿರಣಿ ಹೆಂಗಸರನ್ನು ಸಂಘಟಿಸಿದರು. ಮುಷ್ಕರ ಮುರಿಯಲು ಬಂದವರನ್ನು ಪೊರಕೆ ಹಿಡಿದು ಅಟ್ಟಿದ ಕತೆಗಳು ಚಾಳುಗಳಲ್ಲಿ ಉಳಿದುಕೊಂಡಿವೆ. ಅದೇ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಬಾಣಂತಿ ಭತ್ಯೆಯ ಮಸೂದೆಗೆ ಬೆಂಬಲವಾಗಿ ಅಂಬೇಡ್ಕರ್ ಎದ್ದುನಿಂತರು. ಹೆಂಗಸರನ್ನು ಇಟ್ಟುಕೊಂಡರೆ ಲಾಭ ಹೆಚ್ಚೆಂದು ತಾನೇ ಮಾಲೀಕರು ಇಟ್ಟುಕೊಳ್ಳುವುದು, ಹಾಗಿದ್ದ ಮೇಲೆ ಹೆರಿಗೆಯ ಹೊರೆಯಲ್ಲೂ ಒಂದು ಪಾಲು ಅವರದೇ ಎಂಬುದು ಅವರ ವಾದದ ತಿರುಳು. 1929ರಲ್ಲಿ ಕಾಯ್ದೆಯಾಯಿತು.

ಕಾಯ್ದೆ ಬಂದದ್ದು ಸರಿ, ಹೆಂಗಸರು ಗಿರಣಿಯಲ್ಲಿ ಉಳಿಯಲಿಲ್ಲ. ಮೂವತ್ತರ ದಶಕದಲ್ಲಿ ನೂಲು ಸುತ್ತಲು ಹೊಸ ಯಂತ್ರಗಳು ಬಂದವು. ಮೊದಲು ಕಡಿಮೆಯಾದದ್ದು ಅವರ ಕೈಗಳು. ರಾತ್ರಿ ಹೆಂಗಸರನ್ನು ದುಡಿಸಬಾರದು ಎಂಬ ಕಟ್ಟುಪಾಡು ಅವರ ರಕ್ಷಣೆಗೆಂದೇ ಇತ್ತು. ಆದರೆ ಮೂರು ಪಾಳಿ ಓಡಿಸುವ ಮಾಲೀಕನಿಗೆ, ರಾತ್ರಿ ಬರಲಾಗದ, ಹೆರಿಗೆಗೆ ಭತ್ಯೆ ಕೊಡಬೇಕಾದ ಕೆಲಸಗಾರ್ತಿ ದುಬಾರಿಯಾಗಿ ಕಂಡಳು. ಕಾಯ್ದೆಯ ಖರ್ಚನ್ನು ಮಾಲೀಕ ಹೊರಲಿಲ್ಲ, ಅವಳ ಕೆಲಸದಿಂದಲೇ ವಸೂಲು ಮಾಡಿಕೊಂಡ. ಸಂಘಗಳ ಮುಖಂಡರೂ ಗಂಡಸಿನ ಕೂಲಿಯೇ ಮನೆಯ ಕೂಲಿ ಎಂದು ನಂಬಿದವರು. ಎಪ್ಪತ್ತರ ದಶಕದ ಹೊತ್ತಿಗೆ ಗಿರಣಿಯೊಳಗೆ ಹೆಂಗಸರನ್ನು ಹುಡುಕಬೇಕಾಗಿತ್ತು.

ಗಂಡಸಿನ ಕೂಲಿಯೇ ಮನೆಯ ಕೂಲಿ ಎಂಬ ನಂಬಿಕೆಗೆ ಸರ್ಕಾರಿ ಮುದ್ರೆ ಬಿದ್ದದ್ದು 1957ರಲ್ಲಿ. ಕನಿಷ್ಠ ಕೂಲಿ ಎಷ್ಟಿರಬೇಕು ಎಂದು ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತು. ಒಬ್ಬ ದುಡಿಯುವವನ ಮೇಲೆ ಮೂರು ಬಳಕೆ ಘಟಕಗಳ ಸಂಸಾರ. ರೂಢಿಯ ಲೆಕ್ಕದಲ್ಲಿ ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಹೆಂಗಸರ, ಮಕ್ಕಳ ಗಳಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಉದ್ದೇಶ ಒಳ್ಳೆಯದೇ, ಹೆಂಡತಿ ದುಡಿಯುತ್ತಾಳೆ ಎಂದು ಮಾಲೀಕ ಗಂಡನ ಕೂಲಿ ಕತ್ತರಿಸಬಾರದಲ್ಲ. ಆದರೂ ಸೂತ್ರವನ್ನು ಅವಳ ಕಡೆಯಿಂದ ಓದಿ ನೋಡಿ: ಉಣ್ಣುವಾಗ ಗಂಡಸಿಗಿಂತ ಕಡಿಮೆ, ಗಳಿಸುವಾಗ ಸೊನ್ನೆ.

ಆ ಸೊನ್ನೆಯ ಒಳಗೇ ಗಿರಣಗಾಂವ ಉಣ್ಣುತ್ತಿತ್ತು. ಕೊಂಕಣ, ಸಾತಾರಾ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದವರು. ಚಾಳಿನ ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಜನ. ಒಂದು ಪಾಳಿಯವರು ಎದ್ದುಹೋದರೆ ಅದೇ ಚಾಪೆಯ ಮೇಲೆ ಇನ್ನೊಂದು ಪಾಳಿಯವರು. ಇವರಿಗೆ ಅನ್ನ ಹಾಕುತ್ತಿದ್ದವರು ಖಾನಾವಳಿ ಹೆಂಗಸರು. ವಿಧವೆಯರು, ಗಂಡ ಬಿಟ್ಟವರು, ಗಿರಣಿಯಿಂದ ಹೊರಬಿದ್ದವರು, ಒಬ್ಬನ ಪಗಾರದಲ್ಲಿ ಮನೆ ತೂಗಿಸಲಾಗದವರು. ಹತ್ತಡಿ ಚೌಕದ ಖೋಲಿಯೇ ಅಡುಗೆಮನೆ, ಅದೇ ಊಟದ ಮನೆ, ಹೊತ್ತು ಮೀರಿದ ಮೇಲೆ ಅದೇ ಮಲಗುವ ಮನೆ. ಗಿರಣಿಯ ಭೋಂಗಾ ಕೂಗುವ ಮೊದಲೇ ಭಾಕ್ರಿ ತಟ್ಟಬೇಕು. ಬೆಳಗಿನ ಪಾಳಿಯವರ ಡಬ್ಬಿ ಹೋದ ಮೇಲೆ ರಾತ್ರಿಪಾಳಿ ಮುಗಿಸಿದವರು ಹಸಿದು ಬರುತ್ತಾರೆ. ಅವರು ಕೈ ತೊಳೆಯುವಷ್ಟರಲ್ಲಿ ಮಧ್ಯಾಹ್ನದ ಪಾಳಿ. ಗಿರಣಿಗೆ ಮೂರು ಪಾಳಿ ಎಂದರೆ ಮೂರು ಬೇರೆ ಬೇರೆ ತಂಡ. ಇವಳಿಗೆ ಮೂರೂ ಪಾಳಿ.

ದುಡ್ಡು ಬರುವುದು ತಿಂಗಳು ಕಳೆದು, ಪಗಾರದ ದಿನ. ಅಲ್ಲಿಯವರೆಗೆ ಹಿಟ್ಟು, ಬೇಳೆ, ಎಣ್ಣೆ ಎಲ್ಲ ಕಿರಾಣಿ ಅಂಗಡಿಯಲ್ಲಿ ಉದ್ರಿ. ಉದ್ರಿ ಮಿತಿ ಮೀರಿದರೆ ಸಾಹುಕಾರನ ಸಾಲ. ಸಾಹುಕಾರನ ಬಡ್ಡಿಗೆ ಮಂಗಳಸೂತ್ರ ಗಿರವಿ. 1974ರ ಗಿರಣಿ ಮುಷ್ಕರದ ಕಾಲದಲ್ಲೂ ಇವರು ಒಲೆ ಆರಿಸಲಿಲ್ಲ, ಮುಷ್ಕರ ಹೂಡಿದವರಿಗೆ ಸಾಲದ ಮೇಲೆ ಉಣ್ಣಿಸಿದರು. ಗೋವಾ ವಿಮೋಚನೆಯ ಹೋರಾಟದಿಂದ ಬಂದು ಗಿರಣಿ ಕಾರ್ಮಿಕರ ಸಂಘಟನೆಯಲ್ಲಿ ದುಡಿಯುತ್ತಿದ್ದ ಪ್ರೇಮಾ ಪುರವ್ ಅವರ ಕಣ್ಣಿಗೆ ಬಿದ್ದದ್ದು ಇದೇ. ಮುಷ್ಕರಕ್ಕೆ ನಿಧಿ ಇತ್ತು, ಮುಖಂಡರಿದ್ದರು, ಭಾಷಣವಿತ್ತು. ಮುಷ್ಕರದ ಅನ್ನದ ಸಾಲ ಮಾತ್ರ ಹೆಂಗಸರ ತಲೆಯ ಮೇಲೆ. 1975ರಲ್ಲಿ ಅವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅಡವಿಡಲು ಏನೂ ಇಲ್ಲದ ಹೆಂಗಸರನ್ನು ಗುಂಪು ಮಾಡಿ, ಒಬ್ಬರಿಗೊಬ್ಬರನ್ನು ಜಾಮೀನು ನಿಲ್ಲಿಸಿ, ರಾಷ್ಟ್ರೀಕೃತ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದರು. ಬ್ಯಾಂಕಿನ ಕಾಗದದಲ್ಲಿ ‘ವೃತ್ತಿ’ ಎಂಬ ಜಾಗಕ್ಕೆ ಬರೆದುಕೊಳ್ಳಲು ಅವರಿಗೆ ಏನೋ ಒಂದು ಸಿಕ್ಕಿತು.

ಹೀಗೆ ಲೆಕ್ಕವನ್ನು ತಮ್ಮ ಹೆಸರಿಗೆ ಬರೆಸಿಕೊಂಡ ಇನ್ನೊಂದು ಗುಂಪು ಗಿರಗಾಂವದ್ದು. 1959ರ ಮಾರ್ಚ್ 15ರಂದು ಏಳು ಗುಜರಾತಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು, ಅದೇ ಲಿಜ್ಜತ್. ಲಟ್ಟಿಸುವವಳೇ ಅಲ್ಲಿ ಒಡತಿ. ಅಡುಗೆಮನೆಯಿಂದ ಹೊರಬರದೆಯೂ ಗಳಿಕೆ ಸಾಧ್ಯ ಎಂದು ಲಿಜ್ಜತ್ ತೋರಿಸಿತು. ಅಡುಗೆಮನೆ ಮಾತ್ರ ಅವಳದೇ ಆಗಿ ಉಳಿಯಿತು.

ಮಾಟುಂಗಾಕ್ಕೆ ಬಂದರೆ ನಮ್ಮದೇ ಕನ್ನಡಿಗರ ಪುಟ. 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಮೇಲೆ ಬೀಳುವ ಅನ್ನ, ಸಾರು, ಪಲ್ಯವನ್ನು ಮನೆಯಲ್ಲಿ ಮಾಡುವವಳು ಅಮ್ಮ. ಹೋಟೆಲಿನಲ್ಲಿ ಮಾಡುವವರು ಭಟ್ಟರು. ಅಡುಗೆಗೆ ಸಂಬಳ ಬಂದ ಕ್ಷಣಕ್ಕೆ ಅದು ಗಂಡಸರ ಕಸುಬಾಯಿತು. ಮುಂಬೈಯ ಉಡುಪಿ ಹೋಟೆಲುಗಳ ದೊಡ್ಡ ಚರಿತ್ರೆಯಲ್ಲಿ ಮಾಣಿಗಳಿದ್ದಾರೆ, ಗಲ್ಲೆಯ ಮೇಲೆ ಕೂತ ಧಣಿಗಳಿದ್ದಾರೆ, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹುಡುಗರಿದ್ದಾರೆ. ಆ ಹುಡುಗ ಊರಿಗೆ ಮನಿಯಾರ್ಡರ್ ಮಾಡಿದ ದಿನ ನಮಗೆ ನೆನಪಿದೆ. ಊರಲ್ಲಿ ಅದೇ ಹೊತ್ತಿಗೆ ನೇಜಿ ನೆಟ್ಟು, ಅತ್ತೆಗೆ ಗಂಜಿ ಬಡಿಸಿ, ಚಿಮಿಣಿ ದೀಪದ ಮುಂದೆ ಮೊರದಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಹೆಂಡತಿಯ ನೆನಪು ಕಡಿಮೆ. ಮನಿಯಾರ್ಡರ್ ತಡವಾದ ತಿಂಗಳು ಮಕ್ಕಳ ಫೀಸು ಕಟ್ಟಿದ್ದು ಸಾವಿರಕ್ಕೆ ಇಷ್ಟು ಎಂಬ ಆ ಬೀಡಿಯ ಕಾಸು. ಮುಂಬೈಯಲ್ಲಿ ಹೋಟೆಲು ನಿಲ್ಲಿಸಿದ ಗಂಡಸಿನ ಊರಿನ ಮನೆ ಬೀಳದಂತೆ ನಿಲ್ಲಿಸಿದವಳ ಹೆಸರು ಸನ್ಮಾನ ಪತ್ರದಲ್ಲಿ ಕೊನೆಯ ಸಾಲಿಗೆ ಬರುತ್ತದೆ.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಮುಷ್ಕರಕ್ಕಿಳಿದರು. ಬಹಳ ಮಂದಿ ಮತ್ತೆ ಕೆಲಸ ಕಾಣಲಿಲ್ಲ. ಗಂಡಸರ ಪಗಾರ ನಿಂತಾಗ ಸಂಸಾರಗಳನ್ನು ಸಾಕಿದ್ದು ತರಕಾರಿ ಮಾರಿದ, ಡಬ್ಬಿ ಕಟ್ಟಿದ, ಕಂಡವರ ಮನೆಯ ಪಾತ್ರೆ ತಿಕ್ಕಿದ ಹೆಂಗಸರು. ಗಳಿಕೆ ಅವಳದಾದರೂ ‘ಕುಟುಂಬದ ಯಜಮಾನ’ ಎಂಬ ಜಾಗದಲ್ಲಿ ಗಂಡನ ಹೆಸರೇ ಉಳಿಯಿತು. ಇಂದು ಲೋವರ್ ಪರೇಲಿನ ಫೀನಿಕ್ಸ್ ಗಿರಣಿ ಇದ್ದಲ್ಲಿ ಹೊಳೆಯುವ ಮಾಲ್ ಇದೆ. ನೆಲ ಒರೆಸುವವರು ಗುತ್ತಿಗೆ ಕಂಪನಿಗಳ ಸಮವಸ್ತ್ರದಲ್ಲಿದ್ದಾರೆ, ಅವರಲ್ಲಿ ಹೆಂಗಸರೂ ಬಹಳ. ಹೆಂಗಸರು ಈ ಜಾಗಕ್ಕೆ ಮರಳಿದರು, ಕಾಯಂ ನೌಕರಿ ಮರಳಲಿಲ್ಲ.

ಸಂಜೆ ಏಳರ ವಿರಾರ್ ಲೋಕಲ್. ಇಡೀ ಗಾಡಿಯೇ ಹೆಂಗಸರಿಗೆ ಮೀಸಲಾದ ಮೊದಲ ಲೇಡೀಸ್ ಸ್ಪೆಷಲ್ ಚರ್ಚ್‌ಗೇಟಿನಿಂದ ಬೋರಿವಲಿಗೆ ಹೊರಟದ್ದು 1992ರ ಮೇ 5ರಂದು. ಉಳಿದ ಗಾಡಿಗಳಲ್ಲಿ ಹೆಂಗಸರ ಡಬ್ಬಗಳೇ ಗತಿ. ದಾದರಿನಲ್ಲಿ ಒಬ್ಬಾಕೆ ಬಟಾಣಿಯ ಚೀಲ ಹಿಡಿದು ಹತ್ತುತ್ತಾಳೆ. ಕುತ್ತಿಗೆಯಲ್ಲಿ ಆಫೀಸಿನ ಗುರುತಿನ ಚೀಟಿ ಇನ್ನೂ ನೇತಾಡುತ್ತಿದೆ. ನಾಲ್ಕನೇ ಸೀಟಿನ ತುದಿಯಲ್ಲಿ ಅರ್ಧ ಕೂತು, ಅರ್ಧ ನಿಂತು, ತೊಡೆಯ ಮೇಲೆ ಪೇಪರು ಹರಡುತ್ತಾಳೆ. ಎದುರಿನವಳು ಕೇಳದೆಯೇ ಒಂದು ಹಿಡಿ ಎತ್ತಿಕೊಳ್ಳುತ್ತಾಳೆ, ಪಕ್ಕದವಳು ಇನ್ನೊಂದು. ಸೊಸೆಯ ಸುದ್ದಿ, ಬಾಸಿನ ಸುದ್ದಿ, ಹೆಬ್ಬೆರಳ ಒತ್ತಿಗೆ ಸಿಪ್ಪೆ ಬಿರಿಯುವ ಸದ್ದು. ಅಂಧೇರಿ ದಾಟುವಷ್ಟರಲ್ಲಿ ಚೀಲ ಖಾಲಿ, ಡಬ್ಬಿ ತುಂಬಿದೆ. ಮುಂದಿನ ಡಬ್ಬದಲ್ಲಿ ಗಂಡಸರು ಇಸ್ಪೀಟು ಆಡುತ್ತ, ಭಜನೆ ಹಾಡುತ್ತ ಇದೇ ದಾರಿ ಸವೆಸುತ್ತಾರೆ. ಅವರಿಗೆ ಇದು ಕೆಲಸ ಮುಗಿದ ಹೊತ್ತು.

ಕೇಂದ್ರ ಸರ್ಕಾರದ 2024ರ ಕಾಲಬಳಕೆ ಸಮೀಕ್ಷೆ ಈ ಎರಡು ಡಬ್ಬಗಳ ಅಂತರವನ್ನು ದೇಶದ ಮಟ್ಟದಲ್ಲಿ ಅಳೆದಿದೆ. ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ದುಡಿಯುತ್ತಾರೆ. ಮಕ್ಕಳು, ಮುದುಕರ ಆರೈಕೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. ಐದು ವರ್ಷ ಹಿಂದಿನ 2019ರ ಸಮೀಕ್ಷೆಯಲ್ಲಿ ಇವು 299 ಮತ್ತು 97. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಆ ಹತ್ತನ್ನು ಗಂಡಸರು ಹೊತ್ತುಕೊಂಡಿಲ್ಲ. ಅವರದೂ ಒಂಬತ್ತು ಇಳಿದಿದೆ.

ಸರ್ಕಾರಗಳಿಗೆ ಈಗ ಈ ಹೆಂಗಸರು ಕಾಣತೊಡಗಿದ್ದಾರೆ. ಮಹಾರಾಷ್ಟ್ರ 2024ರಿಂದ ಲಾಡಕೀ ಬಹೀಣ (ಮುದ್ದಿನ ತಂಗಿ) ಯೋಜನೆಯಲ್ಲಿ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ಕರ್ನಾಟಕ 2023ರಿಂದ ಗೃಹಲಕ್ಷ್ಮಿಯಲ್ಲಿ 2,000 ರೂಪಾಯಿ. ನೇರ ಅವಳ ಖಾತೆಗೆ ಬೀಳುವ ಈ ದುಡ್ಡನ್ನು ಹಗುರವಾಗಿ ಆಡುವವರು ನಾಕಾದ ಕಟ್ಟೆಯ ಮೇಲೆ ಒಂದು ದಿನ ಕೂತು ಬರಲಿ. ಆದರೆ ಇದು ಅಣ್ಣ ತಂಗಿಗೆ ಕೊಟ್ಟ ಉಡುಗೊರೆಯಂತೆ ಬರುತ್ತದೆ, ದುಡಿದವಳಿಗೆ ಸಂದ ಕೂಲಿಯಂತಲ್ಲ. ಕೂಲಿ ಎಂದೇ ಹಿಡಿದರೆ, ದಿನಕ್ಕೆ 289 ನಿಮಿಷದಂತೆ ಮೂವತ್ತು ದಿನಕ್ಕೆ ಸುಮಾರು 144 ತಾಸು. 1,500 ರೂಪಾಯಿಯನ್ನು ಅದರಿಂದ ಭಾಗಿಸಿದರೆ ತಾಸಿಗೆ ಹತ್ತು ರೂಪಾಯಿ ಚಿಲ್ಲರೆ. 1957ರ ಸೊನ್ನೆಯಿಂದ ಇಲ್ಲಿಯವರೆಗೆ ಬಂದ ದೂರ ಅಷ್ಟು. ಇದನ್ನು ಹೆಚ್ಚಿಸಿ ಎಂದು ಸರ್ಕಾರವನ್ನು ಕೇಳಬಹುದು, ಕೇಳಲೂಬೇಕು. 88 ನಿಮಿಷವನ್ನು ಹೆಚ್ಚಿಸಲು ಮಾತ್ರ ಯಾವ ಇಲಾಖೆಗೂ ಅರ್ಜಿ ಹಾಕಬೇಕಿಲ್ಲ. ವಿರಾರಿಗೆ ಹೋಗುವ ಗಂಡಸೂ ದಾದರಿನಲ್ಲಿ ಅರ್ಧ ಕಿಲೋ ಬಟಾಣಿ ಕೊಂಡು ಹತ್ತಿದರೆ ಸಾಕು.