ಪಾಲಿಶ್ ಕಾಣದ ಉಕ್ಕಿಗೆ ಕೋಟಿಗಳ ಬೆಲೆ

ಅಪರೂಪದ ಕೈಗಡಿಯಾರಗಳ ಹರಾಜಿಗೆ ಮುಖ್ಯ ಕೇಂದ್ರ ಸ್ವಿಟ್ಜರ್ಲೆಂಡಿನ ಜಿನೀವಾ. ಪ್ರತಿವರ್ಷ ಮೇ ಮತ್ತು ನವೆಂಬರ್‌ನಲ್ಲಿ ಫಿಲಿಪ್ಸ್, ಕ್ರಿಸ್ಟೀಸ್, ಸಾಥಬೀಸ್ ಸಂಸ್ಥೆಗಳು ಅಲ್ಲಿ ದೊಡ್ಡ ಹರಾಜುಗಳನ್ನು ನಡೆಸುತ್ತವೆ. ಹಳೆಯ ಗಡಿಯಾರಗಳಿಗೇ ಮೀಸಲಾದ ಹರಾಜನ್ನು ಬೆಳೆಸಿದವರಲ್ಲಿ ಒಸ್ವಾಲ್ಡೊ ಪಾತ್ರಿಜಿ ಪ್ರಮುಖರು. ಬ್ಯಾಟರಿ ಗಡಿಯಾರಗಳ ಹೊಡೆತಕ್ಕೆ ಸ್ವಿಸ್ ಕಾರ್ಖಾನೆಗಳು ತತ್ತರಿಸಿದ್ದ 1970ರ ದಶಕದಲ್ಲಿ ಅವರು ಕಟ್ಟಿದ ಆಂಟಿಕೋರಂ ಸಂಸ್ಥೆ, ಕೀಲಿ ಕೊಡುವ ಗಡಿಯಾರ ಸಂಗ್ರಹಯೋಗ್ಯ ಕಲಾಕೃತಿ ಎಂಬ ಭಾವನೆಯನ್ನು ಬೇರೂರಿಸಿತು. ಪಟೇಕ್ ಫಿಲಿಪ್ ಕಂಪನಿಗೆ 150 ವರ್ಷ ತುಂಬಿದ 1989ರಲ್ಲಿ ಆ ಒಂದೇ ಕಂಪನಿಯ ಗಡಿಯಾರಗಳನ್ನು ಹರಾಜಿಗಿಟ್ಟಿದ್ದೂ ಇದೇ ಸಂಸ್ಥೆ.

ಚಿನ್ನದ್ದಕ್ಕೆ ಹೆಚ್ಚು, ಉಕ್ಕಿನದ್ದಕ್ಕೆ ಕಡಿಮೆ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಪಟೇಕ್ ಫಿಲಿಪ್ 1941ರಲ್ಲಿ ಹೊರತಂದ 1518 ಮಾದರಿಯನ್ನೇ ನೋಡಬಹುದು. ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಿಡಿಯುವ ಕ್ಯಾಲೆಂಡರು, ಜೊತೆಗೆ ಸ್ಟಾಪ್‌ವಾಚು, ಎರಡೂ ಇರುವ ಕೈಗಡಿಯಾರ ಸರಣಿಯಾಗಿ ತಯಾರಾಗಿದ್ದು ಅದೇ ಮೊದಲು. ಒಟ್ಟು ತಯಾರಾದದ್ದು 281. ಅಷ್ಟು ದುಬಾರಿ ಯಂತ್ರವನ್ನು ಕೊಳ್ಳುವವರು ಚಿನ್ನದ ಕವಚವನ್ನೇ ಬಯಸುತ್ತಿದ್ದರು. ಹಾಗಾಗಿ ಉಕ್ಕಿನವು ಎಂದು ಗೊತ್ತಿರುವುದು ನಾಲ್ಕೇ ನಾಲ್ಕು. ಅವುಗಳಲ್ಲೊಂದು 2016ರಲ್ಲಿ ಜಿನೀವಾದಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಹೋಯಿತು.

ಅಪರೂಪತೆಯ ಜೊತೆಗೆ ನೋಡುವುದು ಗಡಿಯಾರದ ಸ್ಥಿತಿ. ಪಳಪಳ ಹೊಳೆಯುವ ಹಳೆಯ ಗಡಿಯಾರವನ್ನು ಕಂಡರೆ ಅನುಭವಿ ಸಂಗ್ರಾಹಕ ಅನುಮಾನಪಡುತ್ತಾನೆ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಲೋಹ ಸ್ವಲ್ಪ ಸವೆಯುತ್ತದೆ; ಪಟ್ಟಿ ಸೇರುವ ಕಡೆ ಚೂಪಾಗಿರಬೇಕಾದ ಅಂಚುಗಳು ದುಂಡಗಾಗುತ್ತವೆ, ಕವಚದ ಮೇಲಿನ ಮುದ್ರೆಗಳು ಮಸುಕಾಗುತ್ತವೆ. ಅದಕ್ಕಿಂತ ಗೀರು ಬಿದ್ದರೂ ಮೂಲ ಆಕಾರ ಉಳಿಸಿಕೊಂಡ ಕವಚವೇ ಮೇಲು. ಡಯಲ್‌ಗೂ ಇದೇ ಮಾತು. ಬಿಸಿಲಿಗೆ ಕಪ್ಪು ಬಣ್ಣ ಮಾಗಿ ಕಂದಾದ ಡಯಲ್‌ಗೆ, ಹೊಸದಾಗಿ ಬಣ್ಣ ಬಳಿಸಿಕೊಂಡದ್ದರ ಎಷ್ಟೋ ಪಟ್ಟು ಬೆಲೆ.

ಮೂರನೆಯದು, ಗಡಿಯಾರ ಯಾರ ಕೈಯಲ್ಲಿತ್ತು ಎಂಬ ಚರಿತ್ರೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಾರ್ ರೇಸಿಗಿಳಿದಾಗ ಹೆಂಡತಿ ಜೋನ್ ವುಡ್‌ವರ್ಡ್ ಅವರಿಗೊಂದು ರೋಲೆಕ್ಸ್ ಡೇಟೋನಾ ಕೊಟ್ಟರು. ಅದರ ಬೆನ್ನಿಗೆ, ಹುಷಾರಾಗಿ ಓಡಿಸಬೇಕು ಎಂಬ ಅರ್ಥದ ಮಾತನ್ನು ಕೆತ್ತಿಸಿದ್ದರು. ಒಳಗಿನ ಚಿಕ್ಕ ವೃತ್ತಗಳ ಗೆರೆಗಳು ಪುಟ್ಟ ಚೌಕಗಳಲ್ಲಿ ಕೊನೆಗೊಳ್ಳುವ ಆ ಡಯಲ್ ಆಗಿನ ಗಿರಾಕಿಗಳಿಗೆ ಹಿಡಿಸಿರಲಿಲ್ಲ. ಅದೇ ಗಡಿಯಾರ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೆ ಮಾರಾಟವಾಯಿತು. ಗಾಂಧೀಜಿಯ ಝೆನಿತ್ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಊಟದ ಬಟ್ಟಲು, ತಟ್ಟೆಗಳನ್ನು 2009ರಲ್ಲಿ ಆಂಟಿಕೋರಂ ಹರಾಜಿಗಿಟ್ಟಾಗ 18 ಲಕ್ಷ ಡಾಲರ್ ಕೊಟ್ಟು ಪಡೆದವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ.

ಹರಾಜಿನ ಸುತ್ತಿಗೆ ಬಿದ್ದಾಗಿನ ಬೆಲೆಯೇ ಕೊಡಬೇಕಾದ ಬೆಲೆಯಲ್ಲ. ಅದರ ಮೇಲೆ ಕೊಳ್ಳುವವರು ಸಂಸ್ಥೆಗೆ ಶುಲ್ಕ ಕಟ್ಟಬೇಕು. ನ್ಯೂಮನ್ ಗಡಿಯಾರದ ಕೂಗು ನಿಂತದ್ದು 1.55 ಕೋಟಿ ಡಾಲರ್‌ಗೆ, ಉಳಿದದ್ದೆಲ್ಲ ಶುಲ್ಕ. ಮಾರುವವರ ಹಿತಕ್ಕೆ ಗುಟ್ಟಾದ ಕನಿಷ್ಠ ಬೆಲೆಯೊಂದು ನಿಗದಿಯಾಗಿರುತ್ತದೆ; ಕೂಗು ಅದನ್ನು ಮುಟ್ಟದಿದ್ದರೆ ಗಡಿಯಾರ ಒಡೆಯರಿಗೇ ವಾಪಸು.

ಹಣ ಹೆಚ್ಚಿದಂತೆ ಮೋಸವೂ ಹೆಚ್ಚಿದೆ. 2021ರಲ್ಲಿ ಜಿನೀವಾದಲ್ಲಿ 31 ಲಕ್ಷ ಫ್ರಾಂಕ್ ದಾಟಿದ 1957ರ ಒಮೆಗಾ ಸ್ಪೀಡ್‌ಮಾಸ್ಟರನ್ನು ಕೊಂಡದ್ದು ಒಮೆಗಾ ಕಂಪನಿಯೇ. ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಅದನ್ನು ಕಟ್ಟಲಾಗಿತ್ತೆಂದು 2023ರಲ್ಲಿ ಕಂಪನಿಯೇ ಹೇಳಿತು. ತಯಾರಕರೇ ಎಡವಬಹುದಾದ ಕಡೆ ಕೊಳ್ಳುವವರು ಎಷ್ಟು ಎಚ್ಚರವಾಗಿದ್ದರೂ ಸಾಲದು. ಹರಾಜಿಗೆ ಮೊದಲಿನ ಪ್ರದರ್ಶನದಲ್ಲಿ ಬೆನ್ನು ತೆರೆಸಿ ಯಂತ್ರದ ಸಂಖ್ಯೆಯನ್ನು ಕಂಪನಿಯ ದಾಖಲೆಯೊಂದಿಗೆ ತಾಳೆ ನೋಡಬೇಕು. ಮುಳ್ಳು ಮತ್ತು ಡಯಲ್ ಮೇಲಿನ ಹೊಳೆಯುವ ಲೇಪ ಒಂದೇ ಕಾಲದ್ದೇ ಎಂಬುದನ್ನು ನೇರಳಾತೀತ ದೀಪದಡಿ ಹೋಲಿಸಿ ನೋಡಬೇಕು.