ಎಂದೂ ಮುಗಿಯದ ಲೇಔಟ್

ಬೆಂಗಳೂರಿನವರ ಕಿವಿಗೆ ‘ಲೇಔಟ್’ ಎಂಬ ಮಾತು ಬಿದ್ದರೆ ಕಣ್ಣೆದುರು ಬರುವುದು ಮೂವತ್ತು-ನಲವತ್ತರ ಸೈಟು, ಗಡಿಕಲ್ಲು, ಇಂದೋ ನಾಳೆಯೋ ಬರಲಿರುವ ನಲ್ಲಿ ನೀರು. ಇನ್ನೊಂದು ಬಗೆಯ ಲೇಔಟೂ ಉಂಟು. ಅದು ಇರುವುದು ನೆಲಮಾಳಿಗೆಗಳಲ್ಲಿ, ಅಟ್ಟಗಳಲ್ಲಿ, ಕಾರಿಗೆ ಜಾಗ ಬಿಡದ ಗ್ಯಾರೇಜುಗಳಲ್ಲಿ. ಪ್ಲೈವುಡ್ ಹಲಗೆಯ ಮೇಲೆ ಹಳಿ, ಹಳಿಯ ಪಕ್ಕ ಬೆರಳುದ್ದದ ಮರ, ಪ್ಲಾಟ್‌ಫಾರಂ ಮೇಲೆ ಎರಡು ಸೆಂಟಿಮೀಟರ್ ಎತ್ತರದ ಸ್ಟೇಷನ್ ಮಾಸ್ಟರು, ಅವನೆದುರು ಹಾದುಹೋಗುವ ಗೂಡ್ಸ್ ಗಾಡಿ. ‘ಇನ್ನು ಕೆಲಸ ಮುಗಿಯಿತು’ ಎನ್ನುವ ದಿನ ಬರುವುದಿಲ್ಲ ಎಂಬುದೊಂದೇ ಎರಡಕ್ಕೂ ಇರುವ ಸಾಮ್ಯ.

ಮಾಡೆಲ್ ರೈಲಿನ ಈ ಬಳಗಕ್ಕೆ ತನ್ನದೇ ಆಡುಮಾತಿದೆ. ವರ್ಷಗಟ್ಟಲೆ ಹಳಿಯನ್ನಷ್ಟೇ ಹಾಸಿ, ಗುಡ್ಡ ಹುಲ್ಲು ಏನೂ ಇಲ್ಲದೆ ಬೋಳಾಗಿ ಉಳಿದ ಲೇಔಟಿಗೆ ಅಮೆರಿಕದವರು ‘ಪ್ಲೈವುಡ್ ಪೆಸಿಫಿಕ್’ ಎನ್ನುತ್ತಾರೆ. ಬೋಗಿಯ ಮೈಮೇಲೆ ರಿವೆಟ್ ಒಂದು ಕಡಿಮೆಯಿದೆ ಎಂದು ತಗಾದೆ ತೆಗೆಯುವವರು ‘ರಿವೆಟ್ ಎಣಿಸುವವರು’. ಹಳಿ ತಪ್ಪಿದ ಬೋಗಿಯನ್ನು ಎತ್ತಿ ಸರಿಯಾಗಿ ಕೂರಿಸಲು ಮೇಲಿನಿಂದ ಇಳಿದು ಬರುವ ಮನುಷ್ಯನ ಕೈಗೆ ‘0-5-0’ ಎಂದು ಹೆಸರು. ಉಗಿ ಇಂಜಿನ್ನುಗಳನ್ನು ಮುಂದೆ, ನಡುವೆ, ಹಿಂದೆ ಇರುವ ಚಕ್ರಗಳ ಲೆಕ್ಕದಲ್ಲಿ 4-6-2, 2-8-2 ಎಂದು ಕರೆಯುವುದು ಅಲ್ಲಿನ ರೈಲ್ವೆಯ ರೂಢಿ. ಕೈಗೆ ಮುಂದೆಯೂ ಚಕ್ರವಿಲ್ಲ, ಹಿಂದೆಯೂ ಇಲ್ಲ. ನಡುವೆ ಬೆರಳು ಐದು.

ಒಬ್ಬನೇ ಕೂತು ಆಡುವವನಿಗೆ ಇಂಥ ಹೆಸರುಗಳು ಬೇಕಾಗುವುದಿಲ್ಲ. ತಮಾಷೆ ಹುಟ್ಟಬೇಕಾದರೆ ಪಕ್ಕದಲ್ಲಿ ನಗುವವರೊಬ್ಬರು ಇರಬೇಕು. ಒಂಟಿಯವರ ಹವ್ಯಾಸದಂತೆ ಕಾಣುವ ಇದು ನಿಜಕ್ಕೂ ಬೆಳೆದದ್ದು ಅರೆಬರೆ ಕೆಲಸವನ್ನೇ ನಾಲ್ಕು ಜನರ ಮುಂದೆ ಇಡುತ್ತ.

ಇದರ ಮೂಲ ಹುಡುಕಿಕೊಂಡು ಹೊರಟರೆ ಸಿಗುವುದು ಅಡುಗೆಮನೆ, ಅದೂ ಗೊಂಬೆಗಳ ಅಡುಗೆಮನೆ. ಜರ್ಮನಿಯ ಗೋಪಿಂಗನ್ ಊರಿನಲ್ಲಿ ತಗಡಿನ ಕೆಲಸದ ಥಿಯೋಡೋರ್ ಮೆರ್ಕ್ಲಿನ್ 1859ರಲ್ಲಿ ಗೊಂಬೆಮನೆಗೆ ಬೇಕಾದ ಪುಟಾಣಿ ಪಾತ್ರೆಗಳನ್ನು ಮಾಡಲು ಕೂತ. ಏಳೇ ವರ್ಷಕ್ಕೆ ಆತ ತೀರಿಕೊಂಡ. ಹೆಂಡತಿ ಕ್ಯಾರೊಲೀನ್ ಅಂಗಡಿ ಮುಚ್ಚಲಿಲ್ಲ. ಊರೂರು ತಿರುಗಿ ಸರಕು ಮಾರಿದಳು. ಮಕ್ಕಳ ಕಾಲಕ್ಕೆ, 1891ರ ಲೈಪ್‌ಜಿಗ್ ವಸಂತ ಮೇಳದಲ್ಲಿ, ಮೆರ್ಕ್ಲಿನ್ ಮಳಿಗೆಯಲ್ಲಿ ಕೀಲಿ ಕೊಟ್ಟರೆ ಓಡುವ ರೈಲೊಂದು ಎಂಟರ ಆಕಾರದ ಹಳಿಯ ಮೇಲೆ ಸುತ್ತತೊಡಗಿತು.

ಆಟಿಕೆ ರೈಲುಗಳು ಅದಕ್ಕೂ ಮುಂಚೆ ಇದ್ದವು. ಹೊಸದು ಇದ್ದದ್ದು ಹಳಿಯಲ್ಲಿ. ಅದರ ಅಗಲವನ್ನು ಗೊತ್ತಾದ ಕೆಲವೇ ಅಳತೆಗಳಿಗೆ ಕಟ್ಟಿಹಾಕಿದ್ದರು. ಹಾಗಾಗಿ ಈ ವರ್ಷ ಕೊಂಡ ತುಂಡಿಗೆ ಮುಂದಿನ ವರ್ಷದ ತುಂಡು ಸೇರುತ್ತಿತ್ತು. ಆಮೇಲೆ ಪಾಯಿಂಟು, ಸಿಗ್ನಲ್ಲು, ಸ್ಟೇಷನ್ನು. ಗೊಂಬೆಮನೆಗೆ ಈ ಹಬ್ಬಕ್ಕೊಂದು ತಟ್ಟೆ, ಮುಂದಿನ ಹಬ್ಬಕ್ಕೊಂದು ಬಾಣಲೆ ಮಾರುತ್ತಿದ್ದವರ ಬುದ್ಧಿಯೇ ಇಲ್ಲೂ ಕೆಲಸ ಮಾಡಿತ್ತು. ದಸರೆಗೆ ಗೊಂಬೆ ಕೂರಿಸುವ ಹಳೇ ಮೈಸೂರಿನ ಮನೆಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ: ವರ್ಷಕ್ಕೊಂದಾದರೂ ಹೊಸ ಗೊಂಬೆ ಬರಬೇಕು, ಬಂದವರಿಗೆ ಅದನ್ನು ತೋರಿಸಬೇಕು.

ಮುಂದಿನ ಕೆಲವು ದಶಕ ವ್ಯಾಪಾರಿಗಳದು. 1900ರಲ್ಲಿ ನ್ಯೂಯಾರ್ಕಿನಲ್ಲಿ ಲಯನೆಲ್, 1920ರಲ್ಲಿ ಲಿವರ್‌ಪೂಲ್‌ನಲ್ಲಿ ಹಾರ್ನ್‌ಬಿ. ರೈಲು ಕುಗ್ಗುತ್ತ ಬಂದು ನೆಲದಿಂದ ಮೇಜಿನ ಮೇಲೆ ಹತ್ತಿತು. ನಿಜದ 87ನೇ ಒಂದು ಪಾಲಿನ ಎಚ್‌ಒ ಅಳತೆ, 16.5 ಮಿಲಿಮೀಟರ್ ಅಗಲದ ಹಳಿ ಬಹುಪಾಲು ದೇಶಗಳಲ್ಲಿ ನೆಲೆಯೂರಿತು.

ಅಷ್ಟರಲ್ಲಿ ಮಕ್ಕಳ ಕೈಯಿಂದ ಅಪ್ಪಂದಿರು ರೈಲು ಕಸಿದುಕೊಂಡಾಗಿತ್ತು. ಆದರೆ ಒಬ್ಬನ ಇಂಜಿನ್ ಇನ್ನೊಬ್ಬನ ಹಳಿಯ ಮೇಲೆ ಓಡದು. ಒಂದು ಕಂಪನಿಯ ಬೋಗಿ ಇನ್ನೊಂದರ ಬೋಗಿಗೆ ಕೊಂಡಿ ಹಾಕದು. 1934ರ ಜನವರಿಯಲ್ಲಿ, ಆರ್ಥಿಕ ಕುಸಿತದ ನಡುವೆ, ಅಮೆರಿಕದ ಮಿಲ್ವಾಕಿಯಿಂದ ಆಲ್ ಕಾಲ್ಮ್‌ಬ್ಯಾಕ್ ‘ಮಾಡೆಲ್ ರೈಲ್‌ರೋಡರ್’ ಎಂಬ ಪತ್ರಿಕೆ ತಂದರು. ಮರುವರ್ಷ ಅದೇ ಊರಿನಲ್ಲಿ ಹವ್ಯಾಸಿಗಳೆಲ್ಲ ಸೇರಿ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಕಟ್ಟಿಕೊಂಡು, ಚಕ್ರದ ಅಂಚು ಎಷ್ಟು ದಪ್ಪ, ಹಳಿಗಳ ನಡುವೆ ಎಷ್ಟು ಸಂದು ಎಂದು ಗೊತ್ತುಮಾಡಲು ತೊಡಗಿದರು. ಆ ಅಳತೆಗಳನ್ನೆಲ್ಲ ಒಂದು ತಗಡಿನ ತುಂಡಿನಲ್ಲಿ ಕೊರೆದ ಗೇಜು ಇಂದಿಗೂ ಹವ್ಯಾಸಿಯ ಡಬ್ಬಿಯಲ್ಲಿರುತ್ತದೆ. ಬೋಗಿ ಪದೇ ಪದೇ ಹಳಿ ತಪ್ಪುತ್ತಿದ್ದರೆ ಮೊದಲು ಹೊರಬರುವುದು ಅದೇ.

ಓಡುವ ರೈಲಿಗೆ ಅರ್ಥವೊಂದು ಬೇಕು ಎಂದು ತೋರಿಸಿಕೊಟ್ಟವರು ನ್ಯೂ ಆರ್ಲಿಯನ್ಸಿನ ಫ್ರ್ಯಾಂಕ್ ಎಲಿಸನ್. ಅವರ ಪ್ರಕಾರ ಲೇಔಟ್ ಒಂದು ರಂಗಮಂದಿರ: ಹಳಿ ಮತ್ತು ಊರು ರಂಗಸಜ್ಜಿಕೆ, ರೈಲುಗಳು ಪಾತ್ರಧಾರಿಗಳು, ಟೈಮ್‌ಟೇಬಲ್ಲೇ ಕಥೆ. ಆ ಮೇಲೆ ಯಾರೂ ಸುಮ್ಮನೆ ದುಂಡಗೆ ಸುತ್ತುವ ರೈಲನ್ನು ತೋರಿಸಿ ಬೀಗುವಂತಿರಲಿಲ್ಲ.

ಆದರೂ ಈ ಲೋಕದಲ್ಲಿ ಒಂದೇ ಹೆಸರು ಹೇಳಿ ಎಂದರೆ ಹೆಚ್ಚಿನವರ ಬಾಯಲ್ಲಿ ಬರುವುದು ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯ ಈತ ವೃತ್ತಿಯಿಂದ ಫೋಟೋಗ್ರಾಫರ್. ತನ್ನ ರೈಲ್ವೆಗೆ ಇಟ್ಟ ಹೆಸರು ‘ಗೋರಿ ಅಂಡ್ ಡಿಫೀಟೆಡ್’. ಬರೆಯುವಾಗ ಯಾವುದೋ ಎರಡು ಊರಿನ ಹೆಸರಿನಂತೆ ಕಾಣುವ ಕಾಗುಣಿತ. ಓದಿದರೆ ‘ರಕ್ತಸಿಕ್ತ ಮತ್ತು ಪರಾಜಿತ’. ಮೂರನೇ ಬಾರಿ, ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದಾಗ, ಬೆಟ್ಟಗಳು ನೆಲದಿಂದಲೇ ಎದ್ದು ಸೂರಿನವರೆಗೆ ಹೋದವು. ಕೋಣೆ ದೊಡ್ಡದಾಗಿ ಕಾಣಲೆಂದು ಬೆಟ್ಟದ ಸಂದಿಗಳಲ್ಲಿ ಕನ್ನಡಿ ಅಡಗಿಸಿದ್ದ. ಶಂಟಿಂಗ್‌ಗೆ ಎಮ್ಮಾ ಎಂಬ ಒಂದು ಡೈನೋಸಾರ್. ಬೆನ್ನ ಮೇಲೆ ಫಲಕಗಳೆದ್ದ ಸ್ಟೆಗೋಸಾರಸ್. ರಿವೆಟ್ ಎಣಿಸುವವರು ಅವಳ ಎದುರು ಏನು ಎಣಿಸಿಯಾರು?

ಅಲೆನ್ ಕಲಿಸಿದ್ದು ಕೊಳೆಯನ್ನು. ಅದುವರೆಗೆ ಹೆಚ್ಚಿನವರಿಗೆ ಮಾಡೆಲ್ ಎಂದರೆ ಪೆಟ್ಟಿಗೆಯಿಂದ ತೆಗೆದ ಹೊಳಪು. ಆತ ಬೋಗಿಗೆ ತುಕ್ಕು ಹಿಡಿಸಿದ, ಛಾವಣಿಗೆ ಮಸಿ ಬಳಿದ, ಹಲಗೆಗಳನ್ನು ಬಿಸಿಲಿಗೆ ಬಿಳಿಚಿಕೊಂಡಂತೆ ಮಾಡಿದ. ಇವತ್ತು ‘ವೆದರಿಂಗ್’ ಎಂದು ಕರೆಯುವ ಈ ಕೈಚಳಕದ ಸಾಮಗ್ರಿ ನೋಡಿದರೆ ನಗು ಬರುತ್ತದೆ: ಬಣ್ಣದ ಸೀಮೆಸುಣ್ಣವನ್ನು ತೇಯ್ದ ಪುಡಿ, ಸ್ಪಿರಿಟ್ಟಿನಲ್ಲಿ ನೀರುನೀರಾಗಿ ಬೆರೆಸಿದ ಕಪ್ಪು ಶಾಯಿ, ಸವೆದ ಬ್ರಶ್ಶು. ಶಾಯಿ ಮರದ ಸೀಳಿಗಿಳಿದು, ಸ್ಪಿರಿಟ್ ಆರಿ ಹೋಗಿ, ನಿಮಿಷದಲ್ಲಿ ಹೊಸ ಸ್ಲೀಪರ್ ಮೂವತ್ತು ವರ್ಷ ಹಳತಾಗುತ್ತದೆ. ಅಲೆನ್ ಅದನ್ನೆಲ್ಲ ಫೋಟೋ ತೆಗೆದು, ಬರೆದು, ಪತ್ರಿಕೆಗೆ ಕಳಿಸುತ್ತಿದ್ದ. ಕ್ಯಾಮೆರಾವನ್ನು ಲೇಔಟಿನೊಳಗೇ, ಎರಡು ಸೆಂಟಿಮೀಟರಿನ ಮನುಷ್ಯನ ಕಣ್ಣಿನ ಮಟ್ಟಕ್ಕೆ ಇಳಿಸಿ ನೋಡುವ ರೂಢಿಯನ್ನು ಓದುಗರಿಗೆ ಹಚ್ಚಿದವರಲ್ಲಿ ಆತನೂ ಒಬ್ಬ.

1973ರ ಜನವರಿ 6ರಂದು ಅಲೆನ್ ತೀರಿಕೊಂಡ. ಲೇಔಟ್ ಆಗಲೂ ಪೂರ್ತಿಯಾಗಿರಲಿಲ್ಲ. ಅದನ್ನು ಏನು ಮಾಡುವುದು ಎಂದು ಗೆಳೆಯರು ಯೋಚಿಸುತ್ತಿದ್ದಾಗಲೇ, ಸುಮಾರು ಹತ್ತು ದಿನಕ್ಕೆ, ಮನೆಗೆ ಬೆಂಕಿ ಬಿದ್ದು ಬೆಟ್ಟ, ಸೇತುವೆ, ಕನ್ನಡಿ ಎಲ್ಲವೂ ಹೋದವು. ಬೇರೆಯವರ ಮನೆಗಳಲ್ಲಿ ಮಾತ್ರ ಅವು ಮೊದಲೇ ಹಬ್ಬಿಯಾಗಿತ್ತು, ಪತ್ರಿಕೆಯ ಪುಟಗಳ ಮೂಲಕ. ‘ಮಾಡೆಲ್ ರೈಲ್‌ರೋಡರ್’ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅಲೆನ್ ಬಗ್ಗೆ ಬರೆದ ಪುಸ್ತಕ 1981ರಲ್ಲಿ ಬಂತು. ಆ ಚಿತ್ರಗಳನ್ನು ನೋಡಿ ಗುಡ್ಡ ಕಟ್ಟುವವರು ಇಂದಿಗೂ ಇದ್ದಾರೆ.

ಅಲೆನ್ ಇನ್ನೂ ಗುಡ್ಡ ಕಟ್ಟುತ್ತಿದ್ದ ಕಾಲದಲ್ಲೇ ದೇಶದ ಇನ್ನೊಂದು ತುದಿಯಲ್ಲಿ, ಮೇಸಚೂಸೆಟ್ಸ್‌ನ ಎಂಐಟಿಯಲ್ಲಿ, ಕೆಲವು ಹುಡುಗರಿಗೆ ಬೆಟ್ಟವೂ ಬೇಡವಾಗಿತ್ತು, ತುಕ್ಕೂ ಬೇಡವಾಗಿತ್ತು. 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿಗೆ ಸಿಕ್ಕಿದ್ದು ಯುದ್ಧಕಾಲದಲ್ಲಿ ತಾತ್ಕಾಲಿಕವಾಗಿ ಎಬ್ಬಿಸಿದ ಮರದ ಕಟ್ಟಡದಲ್ಲಿ, ಬಿಲ್ಡಿಂಗ್ 20ರಲ್ಲಿ, ಒಂದು ಕೋಣೆ. ‘ತಾತ್ಕಾಲಿಕ’ ಕಟ್ಟಡ 1998ರವರೆಗೆ ನಿಂತಿತ್ತು. ಈ ವಿಷಯದಲ್ಲಿ ಎಲ್ಲ ದೇಶಗಳೂ ಒಂದೇ ಎಂದಾಯಿತು. ನಲವತ್ತು ಗಂಟೆ ಲೇಔಟಿಗೆ ದುಡಿದವನಿಗೆ ಕೋಣೆಯ ಬೀಗದ ಕೈ.

ಕ್ಲಬ್ಬಿನಲ್ಲಿ ಎರಡು ಪಂಗಡ. ಒಂದು ಹಲಗೆಯ ಮೇಲಿನವರದು: ಬಣ್ಣ, ಮರ, ಮನೆ. ಇನ್ನೊಂದು ಹಲಗೆಯ ಕೆಳಗಿನವರದು: ‘ಸಿಗ್ನಲ್ಸ್ ಅಂಡ್ ಪವರ್’ ಸಮಿತಿ. ಕೆಳಗೆ ತೂರಿಕೊಂಡವರು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನೂ ಸ್ವಿಚ್ಚುಗಳನ್ನೂ ತಂತಿಯಿಂದ ಹೆಣೆದು, ಯಾವ ಇಂಜಿನ್ ಯಾರ ಹಿಡಿತದಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ಯಂತ್ರವೊಂದನ್ನು ಕಟ್ಟಿದರು. ಬೇಕಾದ ಹಳಿಯನ್ನು ಟೆಲಿಫೋನ್ ಡಯಲ್ ತಿರುಗಿಸಿ ಆರಿಸಿಕೊಳ್ಳಬಹುದಿತ್ತು. ಡಿಕ್ಕಿ ಆಗುವಂತಿದ್ದರೆ ಗುಂಡಿ ಒತ್ತಬೇಕು. ಎಲ್ಲ ನಿಂತು, ಗಡಿಯಾರದ ಫಲಕದ ಮೇಲೆ ಸಮಯದ ಬದಲು ‘ಫೂ’ ಎಂದು ಮೂಡುತ್ತಿತ್ತು. ಮುಖ್ಯ ಉದ್ದೇಶವೇನೂ ಇಲ್ಲದ, ಆದರೆ ಮಾಡಿದವನಿಗೆ ಖುಷಿ ಕೊಡುವ ಚತುರ ಕೆಲಸಕ್ಕೆ ಈ ಹುಡುಗರು ‘ಹ್ಯಾಕ್’ ಎನ್ನುತ್ತಿದ್ದರು, ಮಾಡಿದವನಿಗೆ ‘ಹ್ಯಾಕರ್’. ಅವರಲ್ಲೊಬ್ಬನಾದ ಪೀಟರ್ ಸ್ಯಾಮ್ಸನ್ 1959ರಲ್ಲಿ ಕ್ಲಬ್ಬಿನ ಇಂಥ ಮಾತುಗಳನ್ನೆಲ್ಲ ಸೇರಿಸಿ ನಿಘಂಟನ್ನೇ ಬರೆದ.

ಕ್ಲಬ್ಬಿನ ಹಳೆಯ ಸದಸ್ಯ ಜ್ಯಾಕ್ ಡೆನಿಸ್ ಇವರಿಗೆ ಟಿಎಕ್ಸ್-0 ಎಂಬ ಕಂಪ್ಯೂಟರಿನ ಪರಿಚಯ ಮಾಡಿಸಿದರು. ಹಲಗೆಯ ಕೆಳಗಿದ್ದವರು ಅಲ್ಲಿಗೆ ಜಾರಿದರು. 1962ರಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಯಂತ್ರದಲ್ಲಿ ಬರೆದ ‘ಸ್ಪೇಸ್‌ವಾರ್’, ಕಂಪ್ಯೂಟರ್ ಆಟಗಳ ಮೊದಮೊದಲಿನ ಹೆಸರುಗಳಲ್ಲೊಂದು, ಈ ಬಳಗದ್ದೇ. ಇಂದು ಬ್ಯಾಂಕ್ ಖಾತೆ ದೋಚುವವನಿಗೂ ಅಂಟಿಕೊಂಡಿರುವ ಪದಕ್ಕೆ ಮೊದಲ ಮೆರುಗು ಸಿಕ್ಕಿದ್ದು ಆಟದ ರೈಲಿನ ಅಡಿಯಲ್ಲಿ ಬೆನ್ನು ಬಗ್ಗಿಸಿಕೊಂಡಿದ್ದವರಿಂದ.

ಎಲ್ಲರಿಗೂ ನೆಲಮಾಳಿಗೆ ಇರುವುದಿಲ್ಲವಲ್ಲ? 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವರು ಇದಕ್ಕೊಂದು ದಾರಿ ಕಂಡರು. ಅದರ ಹೆಸರು ಎನ್‌ಟ್ರ್ಯಾಕ್. ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ಮೇಜು ಮಾಡಿಕೊಂಡು ಮನೆಯಲ್ಲೇ ಸಿಂಗರಿಸಬೇಕು. ನಡುವೆ ಏನಾದರೂ ಇರಲಿ. ಎರಡು ತುದಿಗಳಲ್ಲಿ ಮಾತ್ರ ಕೆಂಪು, ಹಳದಿ, ನೀಲಿ ಎಂದು ಕರೆಯುವ ಮೂರು ಹಳಿಗಳು ಗೊತ್ತಾದ ಜಾಗಕ್ಕೇ ಬಂದು ನಿಲ್ಲಬೇಕು. ಪ್ರದರ್ಶನದ ದಿನ ಎಲ್ಲರೂ ತಮ್ಮ ತುಂಡು ಹೊತ್ತು ತಂದು ಜೋಡಿಸುತ್ತಾರೆ. ಒಬ್ಬನ ಮರಳುಗಾಡು ಮುಗಿದಲ್ಲಿ ಇನ್ನೊಬ್ಬಳ ಹಿಮ ಶುರು. ರೈಲಿಗೆ ಅದರ ಚಿಂತೆಯಿಲ್ಲ. ನೂರಾರು ಅಡಿಯ ಮಾರ್ಗ ಸಂಜೆಗೆ ಮತ್ತೆ ಕಾರಿನ ಡಿಕ್ಕಿಗಳಲ್ಲಿ ಹಂಚಿಹೋಗುತ್ತದೆ.

ದೊಡ್ಡ ಹೆಸರಿನವರೂ ಈ ಗೀಳಿಗೆ ಬಿದ್ದಿದ್ದಾರೆ. ಗಾಯಕ ರಾಡ್ ಸ್ಟುವರ್ಟ್ ಇಪ್ಪತ್ಮೂರು ವರ್ಷ ಹಿಡಿದು ಕಟ್ಟಿದ ಅಮೆರಿಕದ ನಗರವೊಂದು 2019ರಲ್ಲಿ ಬ್ರಿಟನ್ನಿನ ‘ರೈಲ್ವೆ ಮಾಡೆಲರ್’ ಪತ್ರಿಕೆಯಲ್ಲಿ ಬಂತು. ಸಂಗೀತ ಕಛೇರಿಗಳ ಪ್ರವಾಸ ಹೋದಾಗ ಹೋಟೆಲಿನಲ್ಲಿ ಇದಕ್ಕೆಂದೇ ಹೆಚ್ಚುವರಿ ಕೋಣೆ ಹಿಡಿದು ಗಗನಚುಂಬಿಗಳಿಗೆ ಬಣ್ಣ ಹಚ್ಚುತ್ತಿದ್ದರಂತೆ. ‘ಇದೆಲ್ಲ ಅವರೇ ಮಾಡಿದ್ದೇ?’ ಎಂಬ ಅನುಮಾನ ರೇಡಿಯೋದಲ್ಲಿ ಕೇಳಿಬಂದಾಗ ಸ್ಟುವರ್ಟ್ ಖುದ್ದು ಫೋನ್ ಮಾಡಿ, ತೊಂಬತ್ತು ಪಾಲು ತನ್ನದೇ ಕೆಲಸ, ವೈರಿಂಗ್ ಒಂದೇ ತನಗೆ ಒಗ್ಗದ್ದು ಎಂದರು. ಹಾಡು ಅವರದ್ದಲ್ಲ ಎಂದು ಯಾರಾದರೂ ಹೇಳಿದ್ದರೂ ಅಷ್ಟು ನೋಯುತ್ತಿದ್ದರೋ ಇಲ್ಲವೋ.

ಹ್ಯಾಂಬರ್ಗಿನ ಹಳೆಯ ಗೋದಾಮೊಂದರಲ್ಲಿ ಅವಳಿ ಸೋದರರಾದ ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ 2001ರಲ್ಲಿ ತೆರೆದ ‘ಮಿನಿಯಾಟೂರ್ ವುಂಡರ್‌ಲಾಂಡ್’ ಟಿಕೆಟ್ ಕೊಂಡು ನೋಡುವ ಜಾಗ. ವಿಮಾನ ಏರಿ ಇಳಿಯುವ ನಿಲ್ದಾಣವೂ ಅಲ್ಲಿದೆ. ಬೆರಗು ಪಡಲು ಅದು ಸರಿ. ಮನಸ್ಸಿಗೆ ತಟ್ಟುವುದು ಮಾತ್ರ ಇಂಗ್ಲೆಂಡಿನ ಲಾಂಗ್ ವಿಟನಂ ಹಳ್ಳಿಯ ಪೆಂಡನ್ ಮ್ಯೂಸಿಯಂ. ಆಸ್ಟ್ರೇಲಿಯಾದಿಂದ 1925ರಲ್ಲಿ ಬಂದ ರಾಯ್ ಇಂಗ್ಲೆಂಡ್ ಎಂಬ ಹುಡುಗ ವೈಟ್ ಹಾರ್ಸ್ ಕಣಿವೆಯ ಹುಲ್ಲು ಹೊದಿಸಿದ ಮನೆಗಳು ಒಂದೊಂದಾಗಿ ರೂಪ ಕಳೆದುಕೊಳ್ಳುವುದನ್ನು ಕಂಡ. ಉಳಿಸಲು ಅವನ ಬಳಿ ಹಣವಿರಲಿಲ್ಲ. ಅಳತೆ ತೆಗೆದು, 76ನೇ ಒಂದು ಪಾಲಿಗೆ ಇಳಿಸಿ, ಕಿಟಕಿ ಪರದೆ, ಹಿತ್ತಲ ಕೋಸಿನ ಸಾಲು ಸಹಿತ ಮತ್ತೆ ಕಟ್ಟತೊಡಗಿದ. ಒಂದು ಗುಡಿಸಲಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. 1995ರಲ್ಲಿ ಆತ ತೀರಿಕೊಂಡ. ಸ್ವಯಂಸೇವಕರು ಸಂದರ್ಶಕರ ಕಣ್ಣೆದುರೇ ಕಣಿವೆಯನ್ನು ಮುಂದುವರಿಸುತ್ತಿದ್ದಾರೆ.

ನಮ್ಮಲ್ಲಿ? ಪುಣೆಯ ಕೋಥ್ರೂಡಿನಲ್ಲಿ ‘ಜೋಶೀಸ್ ಮ್ಯೂಸಿಯಂ ಆಫ್ ಮಿನಿಯೇಚರ್ ರೈಲ್ವೇಸ್’ 1998ರ ಏಪ್ರಿಲ್ 1ರಂದು ತೆರೆಯಿತು. ಮನೆಯಲ್ಲಿ ಭಾರತೀಯ ರೈಲು ಕಟ್ಟಲು ಕೂತವರಿಗೆ ಮಾತ್ರ ಮೊದಲ ಹೆಜ್ಜೆಗೇ ಗಣಿತ ಅಡ್ಡ ಬರುತ್ತದೆ. ಅಂಗಡಿಯ 16.5 ಮಿಲಿಮೀಟರ್ ಹಳಿ ಹೊಂದುವುದು ಯುರೋಪು, ಅಮೆರಿಕದ 1,435 ಮಿಲಿಮೀಟರ್ ಗೇಜಿಗೆ. ನಮ್ಮ ಬ್ರಾಡ್ ಗೇಜ್ 1,676. ಅದನ್ನು 87ರಿಂದ ಭಾಗಿಸಿದರೆ 19.3. ಅಂಥ ಹಳಿ ಬೇಕೆಂದರೆ ಕೈಯಲ್ಲೇ ಹಾಸಬೇಕು. ಇಲ್ಲವೇ ಮೂರು ಮಿಲಿಮೀಟರ್ ಕಡಿಮೆಯನ್ನು ಕಂಡೂ ಕಾಣದಂತಿರಬೇಕು. ಹಲವರು ಎರಡನೆಯದನ್ನೇ ಆರಿಸಿ, ವಿದೇಶಿ ಮಾದರಿಯ ಚಾಸಿ ಮೇಲೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಮ್ಮ ಡೀಸೆಲ್ ಇಂಜಿನ್ನಿನ ಮೈ ಕೂರಿಸುತ್ತಾರೆ.

ಮೀಟರ್ ಗೇಜ್ ಕಟ್ಟುವವರಿಗೆ ಲೆಕ್ಕ ತುಸು ಉದಾರಿ. ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಮೀಟರ್ ಗೇಜಿಗೆಂದೇ ಯುರೋಪಿನಲ್ಲಿ ಬಳಸುವ 12 ಮಿಲಿಮೀಟರ್ ಹಳಿ ಹೆಚ್ಚುಕಮ್ಮಿ ಸರಿಹೋಗುತ್ತದೆ. 1882ರ ಹೊತ್ತಿಗೆ ಬೆಂಗಳೂರನ್ನು ಮೈಸೂರಿಗೆ ಸೇರಿಸಿದ್ದು ಈ ಗೇಜೇ. ಬ್ರಾಡ್ ಗೇಜ್ ಬಂದ ಮೇಲೆ ಆ ದಾರಿಯಲ್ಲಿ ಅದರ ಒಂದು ಸ್ಲೀಪರೂ ಉಳಿದಿಲ್ಲ. ಅದನ್ನು ಹಲಗೆಯ ಮೇಲೆ ಹಾಸಬೇಕೆನ್ನುವವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇದೆ. 1979ರಲ್ಲಿ ಆರಂಭವಾದ ಅದರಲ್ಲಿ ಹಳೆಯ ಇಂಜಿನ್ನುಗಳು ಬಯಲಲ್ಲೇ ನಿಂತಿವೆ, ಮಹಾರಾಣಿಯವರ 1899ರ ಸಲೂನ್ ಬೋಗಿಯೂ ಇದೆ. ಟೇಪು ಹಿಡಿದು ಹೋದರೆ ಬಾಗಿಲಿನ ಎತ್ತರ, ಕಿಟಕಿಯ ಸಾಲು, ಮೆಟ್ಟಿಲಿನ ಅಗಲ ಬರೆದುಕೊಂಡು ಬರಬಹುದು. ಆಮೇಲೆ ಒಂದೊಂದನ್ನೂ 87ರಿಂದ ಭಾಗಿಸುತ್ತ ಕೂರಬೇಕು.